ಗರ್ಭಕಂಠದ ಕ್ಯಾನ್ಸರ್: ಬರುವ ಮುಂಚೆಯೇ ತಡೆಯೋಣ
(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳೆಗೆ ರೋಗ ಬಂದ್ರೆ ಸಂಘಕ್ಕೆ ಓಡಿಬಂದು ಔಷಧಿ ಕೇಳುತ್ತೇವೆ. ಮನೆಯ ಹೆಂಗಸಿಗೆ ವಾಸನೆಯ ಬಿಳಿಸೆರಗು, ಮುಟ್ಟು ನಿಂತ ಮೇಲೂ ರಕ್ತಸ್ರಾವ ಅಂದ್ರೆ ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತೇವೆ. ಇದೇ ಪ್ರಾಣಕ್ಕೆ ಸಂಚಕಾರ. ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಅಲ್ಲಿನ ಕ್ಯಾನ್ಸರಿನಿಂದ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 80 ಸಾವಿರ ಹೆಂಗಸರು ತೀರಿಕೊಂಡರೆಂದು ಅಂದಾಜು.

ಇದು ಶಾಪವಲ್ಲ, ಕರ್ಮವೂ ಅಲ್ಲ. ಎಚ್.ಪಿ.ವಿ. ಎಂಬ ವೈರಸ್ ಇದಕ್ಕೆ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ದೇಹಸಂಪರ್ಕದಿಂದ ಹರಡುವ ಈ ವೈರಸ್ ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ತಗಲಿ, ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತೆ. ಹಾಗಾಗಿ ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲ. ಕೆಲವರಲ್ಲಿ ಉಳಿದುಬಿಟ್ಟು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಕ್ಕೆ ಕ್ಯಾನ್ಸರ್ ಆಗುತ್ತೆ. ತಡೆಯೋದಕ್ಕೆ ಅಷ್ಟು ಕಾಲಾವಕಾಶ ಇದೆ ಅಂತಾಯ್ತಲ್ಲ!

ಮಾಡಬೇಕಾದ್ದು ಎರಡು. ಒಂದು, 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ. ಸೋಂಕು ತಗಲುವ ಮುಂಚೆ ಹಾಕಿಸಿದರೆ ಫಲ ಹೆಚ್ಚು. ಇದರಿಂದ ಬಂಜೆತನ ಬರುತ್ತೆ ಅನ್ನೋದು ಸುಳ್ಳು. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಯೂ ಇದೆ.

ಎರಡು, 30 ದಾಟಿದ ಹೆಂಗಸರಿಗೆ ತಪಾಸಣೆ. ತೊಂದರೆ ಇಲ್ಲದಿದ್ದರೂ, ಲಸಿಕೆ ಆಗಿದ್ದರೂ ಇದು ಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆ. ಕ್ಯಾನ್ಸರ್ ಆಗುವ ಮೊದಲೇ ಗೊತ್ತಾದರೆ ಸಣ್ಣ ಚಿಕಿತ್ಸೆಯಲ್ಲೇ ಗುಣವಾಗುತ್ತೆ.

ಗಂಡಸರಲ್ಲಿ ನಮ್ಮದೊಂದು ವಿನಂತಿ: ‘ಕೆಲಸ ಮುಗೀಲಿ, ಆಮೇಲೆ ನೋಡೋಣ’ ಅನ್ನಬೇಡಿ. ಮನೆಯವರನ್ನು ನೀವೇ ಕರೆದುಕೊಂಡು ಹೋಗಿ.