ಕಲ್ನಾರು ಶೀಟು ಬಿಚ್ಚುವ ಮುನ್ನ
(ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಕಟಾವು ಮುಗಿದು ಕೈ ಬಿಡುವಾದ ಕೂಡಲೇ ನಾವು ಮನೆ, ದನದ ಕೊಟ್ಟಿಗೆ, ಪಂಪ್‌ಸೆಟ್ ಕೋಣೆಗಳ ದುರಸ್ತಿಗೆ ಇಳಿಯುತ್ತೇವೆ. ಆದವಾನಿ, ಆಲೂರು, ಎಮ್ಮಿಗನೂರು ಕಡೆಯ ಹಳ್ಳಿಗಳಲ್ಲಿ ಸಿಮೆಂಟ್ ಶೀಟಿನ ಮಾಡು ನಿಮಗೆ ಹೊಸದಲ್ಲ. ಹಳೆಯ ಶೀಟಿಗೆ ಸುತ್ತಿಗೆ ಎತ್ತುವ ಮೊದಲು ನನ್ನ ನಾಲ್ಕು ಮಾತು ಕೇಳಬೇಕೆಂದು ಕೋರುತ್ತೇನೆ.

ಈ ಶೀಟಿನಲ್ಲಿ ಸಿಮೆಂಟಿನ ಜೊತೆಗೆ ನೂರಕ್ಕೆ ಸುಮಾರು 8ರಿಂದ 10 ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಇದು ನೆಲದಿಂದ ಅಗೆದು ತೆಗೆಯುವ ಖನಿಜ. ಕಡಪ ಜಿಲ್ಲೆಯ ಪುಲಿವೆಂದುಲ ಸುತ್ತ ಇದರ ಗಣಿಗಳಿದ್ದವು. ಆದವಾನಿಯ ಜಿನ್ನಿಂಗ್ ಮಿಲ್ಲುಗಳ ಹತ್ತಿಯ ಧೂಳು ಕಣ್ಣಿಗೆ ಕಾಣುತ್ತದೆ, ಕೆಮ್ಮು ಬಂದು ಎಚ್ಚರಿಸುತ್ತದೆ. ಕಲ್ನಾರಿನ ಸೂಕ್ಷ್ಮ ಎಳೆ ಹಾಗಲ್ಲ. ಅದು ಕಾಣದೆ ಒಳಹೊಕ್ಕು ಶ್ವಾಸಕೋಶದಲ್ಲಿ ಉಳಿಯುತ್ತದೆ. ಆಸ್ಬೆಸ್ಟೋಸಿಸ್ ಆಗಲಿ, ಕ್ಯಾನ್ಸರ್ ಆಗಲಿ ಸಾಮಾನ್ಯವಾಗಿ ತಲೆದೋರುವುದು 20ರಿಂದ 40 ವರ್ಷಗಳ ನಂತರ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು.

1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆಜ್ಞೆ ಮಾಡಿತು. ಯೂರೋಪಿನ ಒಕ್ಕೂಟ 2005ರಿಂದ ಇದರ ಬಳಕೆಯನ್ನೇ ನಿಷೇಧಿಸಿದೆ. ಆದರೆ ಕೊಟ್ಟಿಗೆಯ ಮೇಲೆ ಹತ್ತಿ ಶೀಟು ಬಿಚ್ಚುವ ಕೂಲಿಯಾಳಿನ ದಾಖಲೆ ಇಡುವವರು ಯಾರು? ಅವನ ಜವಾಬ್ದಾರಿ ಕೆಲಸಕ್ಕೆ ಕರೆದ ನಮ್ಮದೇ.

ಶೀಟು ಗಟ್ಟಿಯಾಗಿದ್ದರೆ ಹೆದರಿ ಕೀಳಬೇಡಿ. ಮುಟ್ಟದೆ ಬಿಟ್ಟರೆ ಅಪಾಯ ಕಡಿಮೆ. ಒಡೆಯುವಾಗ, ಗರಗಸದಿಂದ ಕೊಯ್ಯುವಾಗ, ತೂತು ಕೊರೆಯುವಾಗ, ಪಾಚಿಯನ್ನು ಒಣಗಿದ್ದಂತೆಯೇ ಉಜ್ಜುವಾಗ ಎಳೆಗಳು ಹಾರುತ್ತವೆ. ತೆಗೆಯಲೇಬೇಕಾದರೆ ಹೀಗೆ ಮಾಡಿರಿ:

1. ಗಾಳಿಯಿಲ್ಲದ ಹೊತ್ತು ನೋಡಿ, ಮಕ್ಕಳನ್ನೂ ದನಗಳನ್ನೂ ದೂರ ಕಳುಹಿಸಿರಿ.

2. ಶೀಟಿಗೆ ನೀರು ಚಿಮುಕಿಸಿ ತೋಯಿಸಿರಿ. ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಿರಿ, ಮೇಲಿನಿಂದ ಎಸೆಯಬೇಡಿ. ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಬೀಳುವ ಭಯವಿದೆ, ಹಲಗೆ ಹಾಕಿಕೊಳ್ಳಿ.

3. ಟವಲು ಕಟ್ಟಿದರೆ ಸಾಲದು. ಸೂಕ್ಷ್ಮ ಧೂಳು ತಡೆಯುವ ಮುಖಕವಚ ಬೇಕು.

4. ಚೂರುಗಳನ್ನು ಒಣಗಿದ್ದಾಗ ಗುಡಿಸದೆ, ಒದ್ದೆ ಮಾಡಿ ಆಯ್ದು ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿರಿ. ಬದುವಿಗೆ, ದಾರಿಯ ಗುಂಡಿಗೆ, ಕಾಲುವೆಗೆ ಹಾಕಬೇಡಿ. ಎಲ್ಲಿ ಹಾಕಬೇಕೆಂದು ಪಂಚಾಯತಿ ಇಲ್ಲವೆ ಪುರಸಭೆಯಲ್ಲಿ ವಿಚಾರಿಸಿರಿ.

5. ಕೆಲಸದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ಒಗೆಯಿರಿ. ಗಂಡಸರ ಬಟ್ಟೆಯ ಧೂಳಿನಿಂದಲೇ ಕಾಯಿಲೆ ಬಿದ್ದ ಹೆಣ್ಣುಮಕ್ಕಳುಂಟು.

ಶೀಟು ಇಳಿಸುವುದಕ್ಕೆ ಒಂದು ದಿನ ಹೆಚ್ಚಾದೀತು, ಕೂಲಿಯೂ ಸ್ವಲ್ಪ ಹೆಚ್ಚಾದೀತು. ಆ ಖರ್ಚಿಗೆ ಹಿಂದೆಗೆಯಬೇಡಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.