ಬಿಚ್ಚಿ ಜೋಡಿಸಿದ ಎಂಜಿನ್ನಿನ ಮುನಿಸು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯೇ ಹೆಚ್ಚು. ಈ ಸಲ ಪುಣೆಯ ಪಿಂಪ್ರಿ ಕಡೆಯಿಂದ ಬಂದಿರುವ ಪತ್ರದಲ್ಲಿ ಬೇರೆಯೇ ಕೋರಿಕೆ ಇದೆ. ಪತ್ರ ಬರೆದವರ ಸೊಸೈಟಿಗೆ ಹುಲ್ಲು ಕತ್ತರಿಸಲು ಬರುವ ಮಾಳಿ ವಿಜಾಪುರ ಕಡೆಯವರು. ಅವರ ಬಳಿ ಇರುವುದು ಪೆಟ್ರೋಲಿನಿಂದ ಓಡುವ, ಹಗ್ಗ ಎಳೆದು ಚಾಲೂ ಮಾಡುವ ಒಂದು ಹಳೆಯ ಯಂತ್ರ. ಅದರ ಎಂಜಿನ್ನು ಹೊಗೆ ಉಗುಳತೊಡಗಿದಾಗ ಗರಾಜಿಗೆ ಕೊಟ್ಟು ಹೊಸ ರಿಂಗು ಹಾಕಿಸಿದರು, ವಾಲ್ವ್ ಗ್ರೈಂಡ್ ಮಾಡಿಸಿದರು, ಹೊಸ ಪ್ಯಾಕಿಂಗುಗಳನ್ನೂ ಹಾಕಿಸಿದರು. ದುಡ್ಡು ಖರ್ಚಾಯಿತು, ಎಂಜಿನ್ನು ಮಾತ್ರ ಚಾಲೂ ಆಗುತ್ತಿಲ್ಲ. "ಇನ್ನು ಇದು ಗುಜರಿಗೇ ಸರಿ" ಎನ್ನುತ್ತಿದ್ದಾರಂತೆ ಗರಾಜಿನವರು. ಮಳೆಗಾಲದಲ್ಲಿ ಹುಲ್ಲು ವಾರಕ್ಕೊಂದು ಗೇಣು ಏಳುವಾಗ ಯಂತ್ರ ಮೂಲೆಯಲ್ಲಿ ಕೂತರೆ ನಾಲ್ಕೈದು ಬಂಗಲೆಗಳ ಕೆಲಸ ಬೇರೆಯವರ ಪಾಲಾಗುತ್ತದೆ. "ಇದಕ್ಕೇನಾದರೂ ದಾರಿ ಇದೆಯೇ, ನಮ್ಮ ಭಾಷೆಯಲ್ಲಿ ಹೇಳಿ" ಎಂದು ಕೇಳಿದ್ದಾರೆ.

ಕನ್ನಡ ಬಿ.ಎ. ಓದಿದವನಿಗೆ ಕಾರ್ಬುರೇಟರಿನ ಪ್ರಶ್ನೆಯೇ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಎಂಜಿನ್ನಿನ ಕೈಪಿಡಿಗಳನ್ನು ಓದಿ, ಬಲ್ಲ ಮೆಕ್ಯಾನಿಕ್ಕುಗಳನ್ನು ಕೇಳಿ ತಿಳಿದುಕೊಂಡದ್ದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಮುಖ್ಯ ಮಾತು. ಓಡುತ್ತಾ ಓಡುತ್ತಾ ನಿಂತ ಎಂಜಿನ್ನು ಬೇರೆ, ಬಿಚ್ಚಿ ಜೋಡಿಸಿದ ಮೇಲೆ ಏಳದ ಎಂಜಿನ್ನು ಬೇರೆ. ಮೊದಲನೆಯದರಲ್ಲಿ ಏನೋ ಸವೆದಿರುತ್ತದೆ ಅಥವಾ ಕೆಟ್ಟಿರುತ್ತದೆ. ಎರಡನೆಯದರಲ್ಲಿ ಬಹುಮಟ್ಟಿಗೆ ಎಲ್ಲ ಭಾಗಗಳೂ ಚೆನ್ನಾಗಿಯೇ ಇರುತ್ತವೆ, ಯಾವುದೋ ಒಂದು ತನ್ನ ಜಾಗದಲ್ಲಿ ಕೂತಿರುವುದಿಲ್ಲ. ಹಾಗಾಗಿ ಹೊಸ ಭಾಗ ಕೊಳ್ಳುವ ಮೊದಲು ಕೈ ಎಲ್ಲೆಲ್ಲಿ ಆಡಿದೆಯೋ ಅಲ್ಲಲ್ಲಿ ನೋಡಬೇಕು. ಗುಜರಿಯ ಮಾತು ಕೊನೆಗಿರಲಿ.

ಪಾನಾ ಹಿಡಿಯುವ ಮುನ್ನ ನಾಲ್ಕು ಸಣ್ಣ ಸಂಗತಿ ನೋಡಿ. ಹಲವು ಯಂತ್ರಗಳಲ್ಲಿ ಹಿಡಿಕೆಯ ಬಳಿ ಒಂದು ಕಂಬಿ ಇರುತ್ತದೆ. ಅದನ್ನು ಹಿಡಿಕೆಗೆ ಒತ್ತಿ ಹಿಡಿಯದಿದ್ದರೆ ಕಿಡಿಯೇ ಹುಟ್ಟುವುದಿಲ್ಲ. ಅದರ ಕೇಬಲ್ ಸಡಿಲಾಗಿದ್ದರೂ ಅದೇ ಕಥೆ. ಎರಡನೆಯದು ಪೆಟ್ರೋಲಿನ ನಲ್ಲಿ, ತೆರೆದಿದೆಯೇ ನೋಡಿ. ಮೂರನೆಯದು ಆಯಿಲ್. ಇದು ನಾಲ್ಕು ಹೊಡೆತದ, ಅಂದರೆ ಫೋರ್ ಸ್ಟ್ರೋಕ್ ಎಂಜಿನ್ನಾದರೆ ಆಯಿಲ್ ಕೆಳಗಿನ ತೊಟ್ಟಿಗೆ ಹೋಗಬೇಕು, ಪೆಟ್ರೋಲಿಗೆ ಬೆರೆಸಬಾರದು. ಆಯಿಲ್ ಕಡಿಮೆ ಇದ್ದರೆ ಕೆಲವು ಎಂಜಿನ್ನುಗಳು ತಾವಾಗಿಯೇ ಕಿಡಿ ನಿಲ್ಲಿಸಿಬಿಡುತ್ತವೆ.

ನಾಲ್ಕನೆಯದು ಪೆಟ್ರೋಲು. ಗರಾಜಿನಲ್ಲಿ ಎರಡು ಮೂರು ತಿಂಗಳು ಕೂತ ಯಂತ್ರದ ಟ್ಯಾಂಕಿನಲ್ಲಿ ಇರುವುದು ಹಳಸಲು ಪೆಟ್ರೋಲು. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ನೂರಕ್ಕೆ 20ಕ್ಕೆ ಏರಿತು. ಇಂಥ ಸಣ್ಣ ಎಂಜಿನ್ನುಗಳ ಕೈಪಿಡಿಗಳಲ್ಲಿ ಹೆಚ್ಚಿನವು 10 ದಾಟಬಾರದು ಎನ್ನುತ್ತವೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಟ್ಯಾಂಕು ಹಾಗೇ ಬಿಟ್ಟರೆ ನೀರು, ಎಥೆನಾಲ್ ಸೇರಿ ತಳಕ್ಕೆ ಇಳಿಯುತ್ತವೆ, ಎಂಜಿನ್ನು ಮೊದಲು ಹೀರುವುದು ಆ ತಳದ್ದನ್ನೇ. ಟ್ಯಾಂಕು ಬರಿದು ಮಾಡಿ, ಹೊಸ ಪೆಟ್ರೋಲು ಹಾಕಿ. ಮುಂದೆಯೂ 30 ದಿನಕ್ಕಿಂತ ಹೆಚ್ಚು ಕಾಲ ಓಡಿಸದೆ ಇಡುವುದಾದರೆ ಟ್ಯಾಂಕು, ಕಾರ್ಬುರೇಟರು ಎರಡನ್ನೂ ಬರಿದು ಮಾಡಿಯೇ ಇಡಿ.

ಇಷ್ಟಾದರೂ ಏಳಲಿಲ್ಲವೇ? ಹಾಗಾದರೆ ಎಂಜಿನ್ನಿಗೆ ಮೂರು ಪ್ರಶ್ನೆ ಕೇಳೋಣ. ಕಿಡಿ ಇದೆಯೇ? ಪೆಟ್ರೋಲು ತಲುಪುತ್ತಿದೆಯೇ? ಒತ್ತಡ ಹುಟ್ಟುತ್ತಿದೆಯೇ? ಈ ಮೂರೂ ಇದ್ದು, ಸರಿಯಾದ ಹೊತ್ತಿಗೆ ಒದಗಿದರೆ ಎಂಜಿನ್ನು ಏಳಲೇಬೇಕು. ಒಂದೊಂದಾಗಿ ಕೇಳಬೇಕು, ಒಂದಕ್ಕೆ ಉತ್ತರ ಸಿಗುವ ತನಕ ಮುಂದಿನದಕ್ಕೆ ಹೋಗಬಾರದು.

ಮೊದಲು ಕಿಡಿ. ಎಂಜಿನ್ನಿನಲ್ಲಿರುವ ಪ್ಲಗ್ ಅಲ್ಲೇ ಇರಲಿ. ಇನ್ನೊಂದು ಒಳ್ಳೆಯ ಪ್ಲಗ್ ತಂದು, ತಂತಿಯ ಟೋಪಿಯನ್ನು ಅದಕ್ಕೆ ಸಿಕ್ಕಿಸಿ. ರಬ್ಬರು ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ಲೋಹದ ಮೈ ಎಂಜಿನ್ನಿನ ಲೋಹಕ್ಕೆ ತಾಗುವಂತೆ ಇಟ್ಟು ಇನ್ನೊಬ್ಬರಿಂದ ಹಗ್ಗ ಎಳೆಸಿ. ಹಳೆಯ ಪ್ಲಗ್ ಬಿಚ್ಚಿ ಆ ತೂತಿನ ಪಕ್ಕದಲ್ಲೇ ಕಿಡಿ ನೋಡುವವರಿದ್ದಾರೆ. ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುತ್ತದೆ, ಬೆಂಕಿ ಹತ್ತಬಹುದು, ಆ ಸಾಹಸ ಬೇಡ. ನೀಲಿಯ, ಗಟ್ಟಿ ಕಿಡಿ ಕಂಡರೆ ಕರೆಂಟು ಸರಿ ಇದೆ. ಎಂಜಿನ್ನಿನ ಪ್ಲಗ್ಗನ್ನೂ ಬಿಚ್ಚಿ ಒರೆಸಿ, ಅದರ ತುದಿಯ ಸಂದು ಸುಮಾರು 0.75 ಮಿಲಿಮೀಟರ್ ಇದೆಯೇ ನೋಡಿ.

ಕಿಡಿಯೇ ಇಲ್ಲದಿದ್ದರೆ, ಬಿಚ್ಚಿ ಜೋಡಿಸಿದ ಎಂಜಿನ್ನಿನಲ್ಲಿ ಮೊದಲ ಅನುಮಾನ ಕಾಯಿಲಿನಿಂದ ಹೊರಡುವ ಒಂದು ಸಣ್ಣ ತಂತಿಯ ಮೇಲೆ. ಎಂಜಿನ್ನು ನಿಲ್ಲಿಸಲು ಇರುವ ತಂತಿ ಅದು, ಎಂಜಿನ್ನಿನ ಮೈಗೆ ತಾಗಿದರೆ ಕಿಡಿ ಸಾಯುತ್ತದೆ. ಮೇಲಿನ ತಗಡಿನ ಮುಚ್ಚಳ ಕೂರಿಸುವಾಗ ಈ ತಂತಿ ಅಡಿಗೆ ಸಿಕ್ಕಿ ಜಜ್ಜಿಹೋಗುವುದು ಸಾಮಾನ್ಯ. ಅದನ್ನು ಕಾಯಿಲಿನಿಂದ ಬಿಡಿಸಿ ಇನ್ನೊಮ್ಮೆ ಪರೀಕ್ಷಿಸಿ. ಕಿಡಿ ಬಂದರೆ ಕಳ್ಳ ಸಿಕ್ಕ. ಆದರೆ ತಂತಿ ಮತ್ತೆ ಜೋಡಿಸದೆ ಎಂಜಿನ್ನು ಚಾಲೂ ಮಾಡಬೇಡಿ, ನಿಲ್ಲಿಸಲು ಬೇರೆ ದಾರಿ ಇರುವುದಿಲ್ಲ.

ಎರಡನೆಯ ಅನುಮಾನ ಕಾಯಿಲಿಗೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವಿನ ಸಂದು. ಅನೇಕ ಎಂಜಿನ್ನುಗಳಲ್ಲಿ ಅದು 0.25ರಿಂದ 0.35 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಕಾರ್ಡನ್ನು ನಡುವೆ ಇಟ್ಟು, ಅಯಸ್ಕಾಂತ ಕಾಯಿಲನ್ನು ಸೆಳೆದುಕೊಂಡಾಗ ಬೋಲ್ಟು ಬಿಗಿದು, ಕಾರ್ಡು ಎಳೆದುಬಿಟ್ಟರೆ ಆಯಿತು. ಅಯಸ್ಕಾಂತದ ಮೇಲೆ ತುಕ್ಕು ಇದ್ದರೆ ಉಜ್ಜಿ ತೆಗೆಯಿರಿ.

ಇನ್ನು ಪೆಟ್ರೋಲು. ಐದಾರು ಬಾರಿ ಹಗ್ಗ ಎಳೆದು, ಕೂಡಲೇ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲು ತಲುಪಿದೆ. ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ಅದು ಅತಿಯಾಗಿದೆ. ಪ್ಲಗ್ ಒಣಗಿಸಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತೆರೆದು ಎಳೆಯಿರಿ. ಪ್ಲಗ್ ಒಣಗಿಯೇ ಇದ್ದರೆ ಒಂದು ಹಳೆಯ ಉಪಾಯವಿದೆ. ಪ್ಲಗ್ಗಿನ ತೂತಿಗೆ ನಾಲ್ಕೈದು ಹನಿ, ನಾಲ್ಕೈದು ಹನಿ ಮಾತ್ರ, ಪೆಟ್ರೋಲು ಬಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಹಾಕಿ ಎಳೆಯಿರಿ. ಎರಡು ಮೂರು ಸಲ ಬುಸುಗುಟ್ಟಿ ನಿಂತರೆ ಅದು ಒಳ್ಳೆಯ ಸುದ್ದಿ. ಕಿಡಿ ಇದೆ, ಒತ್ತಡವೂ ಇದೆ, ದೋಷ ಪೆಟ್ರೋಲಿನ ದಾರಿಯಲ್ಲಿ ಮಾತ್ರ. ಆಗ ಟ್ಯಾಂಕಿನ ಮುಚ್ಚಳದ ಗಾಳಿತೂತು, ಕಾರ್ಬುರೇಟರಿನ ಜೆಟ್, ಫ್ಲೋಟಿನ ಸೂಜಿ, ಇವನ್ನು ನೋಡಿ. ಕಾರ್ಬುರೇಟರು ಎಂಜಿನ್ನಿಗೆ ಸೇರುವಲ್ಲಿ ಪ್ಯಾಕಿಂಗ್ ಹರಿದಿದ್ದರೆ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ತೆಳು ಹಾಳೆಯಂಥ ಡಯಾಫ್ರಾಮ್ ಇರುವ ಕಾರ್ಬುರೇಟರಾದರೆ, ಹಾಳೆ ಮತ್ತು ಪ್ಯಾಕಿಂಗು ಅದಲುಬದಲಾಗಿ ಕೂತಿವೆಯೇ ನೋಡಬೇಕು.

ಮೂರನೆಯದು ಒತ್ತಡ. ಪ್ಲಗ್ಗಿನ ತಂತಿ ತೆಗೆದಿಟ್ಟು, ಫ್ಲೈವೀಲನ್ನು ಓಡುವ ದಿಕ್ಕಿಗೆ ವಿರುದ್ಧವಾಗಿ ಕೈಯಿಂದ ಜೋರಾಗಿ ತಿರುಗಿಸಿ. ಚೆಂಡು ಗೋಡೆಗೆ ಬಡಿದಂತೆ ಪುಟಿದು ಹಿಂದೆ ಬಂದರೆ ಒತ್ತಡ ಇದೆ. ಮೆತ್ತಗೆ ಸುತ್ತಿಹೋದರೆ ಇಲ್ಲ. ಮುಮ್ಮುಖವಾಗಿ ನೋಡಿದರೆ ಮೋಸಹೋಗುತ್ತೀರಿ. ಹಗ್ಗ ಹಗುರವಾಗಲೆಂದು ಹಲವು ಎಂಜಿನ್ನುಗಳಲ್ಲಿ ಒತ್ತಡವನ್ನು ತುಸು ಬಿಟ್ಟುಕೊಡುವ ಏರ್ಪಾಡಿರುತ್ತದೆ.

ಒತ್ತಡ ಇಲ್ಲದಿದ್ದರೆ ಪ್ಲಗ್ಗಿನ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ನಿಧಾನವಾಗಿ ನಾಲ್ಕು ಸುತ್ತು ತಿರುಗಿಸಿ, ಮತ್ತೆ ನೋಡಿ. ಈಗ ಪುಟಿದರೆ ತೊಂದರೆ ರಿಂಗುಗಳಲ್ಲಿ. ಅವುಗಳ ಬಾಯಿಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರಬಹುದು, ತಲೆಕೆಳಗಾಗಿ ಕೂತಿರಬಹುದು. ಆಯಿಲ್ ಹಾಕಿದರೂ ಬದಲಾಗದಿದ್ದರೆ ತೊಂದರೆ ಹೆಡ್ಡಿನ ಪ್ಯಾಕಿಂಗಿನಲ್ಲಿ ಅಥವಾ ವಾಲ್ವುಗಳಲ್ಲಿ.

ಇಲ್ಲೇ ನಮ್ಮ ಮಾಳಿಯವರ ಯಂತ್ರಕ್ಕೆ ಹೊಂದುವ ಸಂಗತಿ ಇರುವುದು. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ನಿಂತಿರುತ್ತವೆ. ವಾಲ್ವನ್ನೂ ಅದು ಕೂರುವ ಜಾಗವನ್ನೂ ಗ್ರೈಂಡ್ ಮಾಡಿದಾಗ ವಾಲ್ವ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಅದರ ಕಾಲಿಗೂ ಕೆಳಗಿನ ಟ್ಯಾಪೆಟ್ಟಿಗೂ ಇರಬೇಕಾದ ಸಂದು ಮುಚ್ಚಿಹೋಗುತ್ತದೆ. ಆಗ ಬಾಗಿಲು ಹಾಕಿದಂತೆ ಕಂಡರೂ ಹಾಕಿರುವುದಿಲ್ಲ, ಒತ್ತಡವೆಲ್ಲ ಅಲ್ಲಿಂದಲೇ ಸೋರುತ್ತದೆ. ಗ್ರೈಂಡಿಂಗ್ ಎಷ್ಟು ನುಣುಪಾಗಿ ಆಗಿದ್ದರೂ ಪ್ರಯೋಜನವಿಲ್ಲ. ಫೀಲರ್ ಗೇಜಿನಿಂದ ಆ ಸಂದು ಅಳೆದು, ಕೈಪಿಡಿ ಹೇಳಿದಷ್ಟು ಬರುವಂತೆ ವಾಲ್ವಿನ ಕಾಲಿನ ತುದಿಯನ್ನು ತುಸು ತುಸುವೇ ಉಜ್ಜಬೇಕು. ಹೊಸ ಭಾಗ ಒಂದೂ ಬೇಡದ ರಿಪೇರಿ ಇದು.

ಕಿಡಿ, ಪೆಟ್ರೋಲು, ಒತ್ತಡ ಮೂರೂ ಇದ್ದು ಎಂಜಿನ್ನು ಏಳುತ್ತಿಲ್ಲ, ಹಗ್ಗ ಕೈಯನ್ನೇ ಹಿಂದಕ್ಕೆ ಸೆಳೆಯುತ್ತದೆ ಎಂದಾದರೆ, ಹೊತ್ತು ತಪ್ಪಿದೆ ಎಂದರ್ಥ. ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸಲು ಮೆದು ಲೋಹದ ಒಂದು ಸಣ್ಣ ಕೀಲಿ ಇರುತ್ತದೆ. ಬ್ಲೇಡು ಕಲ್ಲಿಗೆ ಬಡಿದಾಗ ಅದು ತುಂಡಾಗುತ್ತದೆ ಅಥವಾ ಓರೆಯಾಗುತ್ತದೆ. ಆ ಹಳೆಯ ಕೀಲಿಯನ್ನೇ ಮತ್ತೆ ಹಾಕಿದ್ದರೆ, ಅಥವಾ ನಟ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿಯದಿದ್ದರೆ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತದೆ. ಕೀಲಿ ಅಗ್ಗದ ವಸ್ತು, ಹೊಸದನ್ನೇ ಹಾಕಿ.

ಎಂಜಿನ್ನಿನ ಒಳಗೆ ಇನ್ನೊಂದು ಜಾಗವಿದೆ. ಕ್ರಾಂಕಿನ ಗಿಯರಿಗಿಂತ ಕ್ಯಾಮಿನ ಗಿಯರಿಗೆ ಎರಡರಷ್ಟು ಹಲ್ಲು. ಎರಡರ ಮೇಲೂ ಗುರುತು ಇರುತ್ತದೆ, ಗುರುತಿಗೆ ಗುರುತು ಕೂಡಬೇಕು. ಒಂದೇ ಹಲ್ಲು ತಪ್ಪಿದರೂ ವಾಲ್ವುಗಳು ತಪ್ಪು ಹೊತ್ತಿಗೆ ತೆರೆಯುತ್ತವೆ. ಇದಕ್ಕೆ ಎಂಜಿನ್ನು ಮತ್ತೆ ಬಿಚ್ಚಬೇಕು, ಆದ್ದರಿಂದ ಇದನ್ನು ಕೊನೆಗಿಡಿ.

ಬಹಳ ಜನ ಊಹಿಸದ ಒಂದು ಕಾರಣವೂ ಉಂಟು. ತಳ್ಳಿಕೊಂಡು ಹೋಗುವ ಹಲವು ಯಂತ್ರಗಳಲ್ಲಿ ಮೇಲಿನ ಫ್ಲೈವೀಲ್ ಹಗುರ. ಕೆಳಗಿನ ಬ್ಲೇಡಿನ ಭಾರವೂ ಸೇರಿದರೇ ಎಂಜಿನ್ನಿಗೆ ಸುತ್ತುವ ಬಲ. ಬ್ಲೇಡು ಬಿಚ್ಚಿಟ್ಟು ಮೇಜಿನ ಮೇಲೆ ಎಂಜಿನ್ನು ಪರೀಕ್ಷಿಸಿದರೆ, ಅಥವಾ ಬ್ಲೇಡು ಸಡಿಲಾಗಿದ್ದರೆ, ಅದು ಒದೆಯುತ್ತದೆ, ಏಳುವುದಿಲ್ಲ. ಬ್ಲೇಡು ಬಿಗಿದು ನೆಲದ ಮೇಲಿಟ್ಟು ನೋಡಿ.

ಎಚ್ಚರಿಕೆಯ ಮಾತು ಮರೆಯಬಾರದು. ಬ್ಲೇಡಿನ ಹತ್ತಿರ ಕೈ ಹಾಕುವ ಮುನ್ನ ಪ್ಲಗ್ಗಿನ ತಂತಿ ತೆಗೆದಿಡಿ. ಕೈಯಿಂದ ಬ್ಲೇಡು ತಿರುಗಿಸಿದರೂ ಎಂಜಿನ್ನು ಏಳಬಹುದು, ಬೆರಳು ಹೋದರೆ ಬೆಳೆಯುವುದಿಲ್ಲ. ಪೆಟ್ರೋಲಿನ ಕೆಲಸ ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಬೇಡ. ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಬೇಡಿ, ಅದರ ಹೊಗೆಯ ವಿಷಕ್ಕೆ ವಾಸನೆಯೇ ಇಲ್ಲ.

ಪಿಂಪ್ರಿಯ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಭಾನುವಾರ ಮಾಳಿಯವರ ಜೊತೆ ಕೂತು, ಈ ಮೂರು ಪ್ರಶ್ನೆಗಳ ಉತ್ತರವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕಿಡಿ ಇದೆ ಅಥವಾ ಇಲ್ಲ, ಪ್ಲಗ್ ಒದ್ದೆ ಅಥವಾ ಒಣ, ಪುಟಿಯುತ್ತದೆ ಅಥವಾ ಇಲ್ಲ. ಆ ಚೀಟಿ ಹಿಡಿದು ಗರಾಜಿಗೆ ಹೋದರೆ ಮಾತಿನ ವರಸೆಯೇ ಬದಲಾಗುತ್ತದೆ. "ಚಾಲೂ ಆಗ್ತಿಲ್ಲ" ಎಂದವರಿಗೆ ಸಿಗುವ ಉತ್ತರ "ಹೊಸದು ತಗೊಳ್ಳಿ". "ಕಿಡಿ ಇದೆ, ಪೆಟ್ರೋಲು ಬರ್ತಿದೆ, ಒತ್ತಡ ಇಲ್ಲ, ಟ್ಯಾಪೆಟ್ಟಿನ ಸಂದು ಅಳೆದು ತೋರಿಸಿ" ಎಂದವರಿಗೆ ಅಳೆದೇ ತೋರಿಸಬೇಕಾಗುತ್ತದೆ. ಸಿಲಿಂಡರು ಆಳವಾಗಿ ಗೀರುಬಿದ್ದಿದ್ದರೆ, ಎಂಜಿನ್ನಿನ ಮೈಯೇ ಸೀಳಿದ್ದರೆ ಗುಜರಿಯ ಮಾತು ಒಪ್ಪೋಣ. ಅಲ್ಲಿಯವರೆಗೆ ಆ ಯಂತ್ರಕ್ಕೆ ಜೀವ ಇದೆ ಎಂದೇ ನಂಬಿ, ಅದರ ಹಿಂದೆ ಒಂದು ಮನೆಯ ಅನ್ನವಿದೆ.

ಎಂಜಿನ್ನು ಎದ್ದಿತೋ ಇಲ್ಲವೋ, ಕಾರಣ ಏನಿತ್ತು, ನಮಗೆ ಪತ್ರ ಬರೆದು ತಿಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ.