ಸೋದರಮಾವನ ಮದುವೆಯೂ 21ನೇ ವರ್ಣತಂತುವೂ

ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆ ಇರಲಿ, ರಾಯಚೂರು ಕಡೆ ಇರಲಿ, ಅಕ್ಕನ ಮಗಳನ್ನ ತಮ್ಮನಿಗೆ ತಂದುಕೊಳ್ಳೋದು ಹೊಸದೇನಲ್ಲ. ಅಂಥ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಕೂಸು ಹುಟ್ಟಿತು ಅಂದ್ರೆ ಮಾತು ತಯಾರಾಗಿರುತ್ತೆ: "ಒಳಗಿನ ಸಂಬಂಧ ಮಾಡಿದ್ದಕ್ಕ ಹಿಂಗಾತು ನೋಡ್ರಿ." ಹೊರಗಿನ ಸಂಬಂಧವಾಗಿದ್ರೆ? ಆಗ ಗ್ರಹಣ ಇದೆ. ಅದೂ ಇಲ್ಲದಿದ್ರೆ ಸೊಸೆ ಇದ್ದಾಳಲ್ಲ!

ಮೂರೂ ತಪ್ಪು.

ನಮ್ಮ ಜೀವಕೋಶದಲ್ಲಿ ವರ್ಣತಂತುಗಳು 46, ಅಂದ್ರೆ 23 ಜೋಡಿ. ವಿಜ್ಞಾನಿಗಳೇ ಮೂವತ್ತು ವರ್ಷ 48 ಅಂತ ನಂಬಿದ್ರು. ಲೆಕ್ಕ ಸರಿಹೋದದ್ದು 1956ರಲ್ಲಿ. ಮೂರೇ ವರ್ಷಕ್ಕೆ, 1959ರಲ್ಲಿ, ಡೌನ್ ಸಿಂಡ್ರೋಮ್ ಇದ್ದ ಮಕ್ಕಳಲ್ಲಿ 47 ಇರೋದನ್ನ ಪ್ಯಾರಿಸ್‌ನವರು ತೋರಿಸಿದ್ರು. ಹೆಚ್ಚಾಗಿರೋದು 21ನೆಯದು.

ಅದು ಹೇಗೆ ಹೆಚ್ಚಾಗುತ್ತೆ? ಅಂಡಾಣು ತಯಾರಾಗುವಾಗ ಪ್ರತಿ ಜೋಡಿಯೂ ನೊಗ ಬಿಚ್ಚಿದ ಎತ್ತುಗಳ ಹಾಗೆ ಅತ್ತ ಒಂದು ಇತ್ತ ಒಂದು ಹೋಗಬೇಕು. ಕೆಲವೊಮ್ಮೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. ಸೋಜಿಗ ಏನಂದ್ರೆ, ಈ ವಿಭಜನೆ ಶುರುವಾಗೋದು ಆ ತಾಯಿ ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ! ಅರ್ಧಕ್ಕೆ ನಿಂತು, ವರ್ಷಗಟ್ಟಲೆ ಕಾದು, ಆಮೇಲೆ ಮುಗಿಯುತ್ತೆ. ವಯಸ್ಸಾದಂತೆ ಎಡವಟ್ಟಿನ ಸಾಧ್ಯತೆ ಹೆಚ್ಚೋದು ಅದಕ್ಕೇ: 25ರ ತಾಯಿಗೆ ಸುಮಾರು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, 40ಕ್ಕೆ ಸುಮಾರು ನೂರಕ್ಕೆ ಒಂದು. ಗಂಡ ಸೋದರಮಾವನೋ ಹೊರಗಿನವನೋ ಅನ್ನೋದು ಆ ಅಂಡಾಣುವಿಗೆ ಗೊತ್ತೇ ಇರಲ್ಲ. ತಪ್ಪು ಕೆಲವೊಮ್ಮೆ ವೀರ್ಯಾಣುವಿನಲ್ಲೂ ಆಗುತ್ತೆ. ಗಂಡನ ಕಡೆಯವರು ಇದನ್ನೂ ಕೇಳಿಸಿಕೊಳ್ಳಲಿ.

ಹಾಗಂತ ಒಳಸಂಬಂಧಕ್ಕೆ ನಾನು ವಕಾಲತ್ತು ವಹಿಸ್ತಿಲ್ಲ. ಸೋದರಮಾವ-ಸೊಸೆಯ ಜೀನುಗಳಲ್ಲಿ ಸರಾಸರಿ ಕಾಲುಭಾಗ ಒಂದೇ. ಮನೆತನದಲ್ಲಿ ಅಡಗಿರೋ ಒಂದೇ ಕೆಟ್ಟ ಜೀನು ಎರಡೂ ಕಡೆಯಿಂದ ಬಂದು ಕೂಸಿನಲ್ಲಿ ಕೂಡಿದ್ರೆ ಥಲಸೇಮಿಯಾ, ಕೆಲವು ಬಗೆಯ ಕಿವುಡು ಕಾಣಿಸಿಕೊಳ್ಳಬಹುದು. ಆದರೆ ಅದು ಜೀನಿನ ದೋಷ; ವರ್ಣತಂತುವಿನ ಎಣಿಕೆ ತಪ್ಪೋದು ಬೇರೆ.

ಒಂದು ಕಡೆ ಮಾತ್ರ ಮನೆತನ ನೋಡಲೇಬೇಕು. ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಮೂರ್ನಾಲ್ಕು ಮಕ್ಕಳಲ್ಲಿ ಹೆಚ್ಚಿನ 21 ಬಿಡಿಯಾಗಿರಲ್ಲ, 14ನೆಯದಕ್ಕೋ ಇನ್ನೊಂದಕ್ಕೋ ಅಂಟಿಕೊಂಡಿರುತ್ತೆ. ಅಪ್ಪ ಅಥವಾ ಅಮ್ಮನಲ್ಲೂ ಇಂಥ ಅಂಟು ಇರಬಹುದು. ಎಣಿಸಿದರೆ 45, ಆದರೂ ಅವರು ಗಟ್ಟಿಮುಟ್ಟಾಗಿರ್ತಾರೆ. ಅಂಥವರಿಗೆ ಮುಂದಿನ ಮಗುವಿನಲ್ಲೂ ಇದು ಮರುಕಳಿಸುವ ಸಾಧ್ಯತೆ ಹೆಚ್ಚು. ಬಿಡಿ 21 ಇದ್ದರೆ ಅದು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು.

ಯಾವುದು ಅಂತ ಹೇಳೋದು ಕ್ಯಾರಿಯೋಟೈಪ್ ಅನ್ನೋ ರಕ್ತಪರೀಕ್ಷೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಮೊದಲು ಕೂಸಿನ ರಕ್ತ; ಅಂಟು ಕಂಡರೆ ಅಪ್ಪ-ಅಮ್ಮ ಇಬ್ಬರದ್ದೂ. ವರದಿ ಬರುವತನಕ ಕಾಯದೆ ಕೂಸಿನ ಎದೆಗೆ ಎಕೋ ಮಾಡಿಸಿ, ಥೈರಾಯ್ಡ್ ನೋಡಿಸಿ. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತೆ, ಅದರಲ್ಲಿ ಬಹಳಷ್ಟನ್ನ ಆಪರೇಷನ್ ಮಾಡಿ ಸರಿಪಡಿಸಬಹುದು.